ಎರಡು ಊಟದ ಭಾನುವಾರ

ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಸಲಹೆಗೆಂದು ನನ್ನ ಬಳಿ ಬಂದ ಈ ಪ್ರಕರಣವನ್ನು ಬರೆಯಲು ತಂದೆ ತಾಯಿ ಇಬ್ಬರೂ ಒಪ್ಪಿದ್ದಾರೆ. ಹುಡುಗನನ್ನು ಪುಟ್ಟ ಎಂದು ಕರೆಯುತ್ತೇನೆ.

ಎಂಟು ವರ್ಷದ ಪುಟ್ಟನಿಗೆ ಭಾನುವಾರ ರಾತ್ರಿ ವಾಂತಿಯಾಗುತ್ತಿತ್ತು. ಎಲ್ಲ ಭಾನುವಾರವೂ ಅಲ್ಲ, ಅಪ್ಪನ ಮನೆಯಲ್ಲಿ ಇದ್ದು ಬಂದ ಭಾನುವಾರ ಮಾತ್ರ. ತಾಯಿ ಒಂದು ಪುಸ್ತಕದಲ್ಲಿ ಏಳು ತಾರೀಕುಗಳನ್ನು ಗುರುತು ಹಾಕಿಕೊಂಡು, ವೈದ್ಯರ ಚೀಟಿಗಳನ್ನು ಪಿನ್ ಮಾಡಿಕೊಂಡು ಬಂದಿದ್ದರು. "ಅಲ್ಲಿ ಏನು ತಿನ್ನಿಸುತ್ತಾರೋ ದೇವರಿಗೇ ಗೊತ್ತು ಮೇಡಂ. ರಾತ್ರಿ ಉಳಿಯುವುದನ್ನು ನಿಲ್ಲಿಸಿ, ವಾರಕ್ಕೆ ಎರಡು ಗಂಟೆ ಭೇಟಿ ಮಾಡಿಸಿದರೆ ಸಾಕು ಎಂದು ಅರ್ಜಿ ಹಾಕುತ್ತೇನೆ."

ದಂಪತಿ ಬೇರೆಯಾಗಿ ಎರಡು ವರ್ಷವಾಗಿತ್ತು. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ತಯಾರಿ ನಡೆದಿತ್ತು. ಇಂಥ ವಿಚ್ಛೇದನಕ್ಕೆ ಅರ್ಜಿ ಹಾಕಿದ ಮೇಲಿನ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ಮೇಲೆ ಬಹಳ ಮಂದಿಗೆ ಅವಸರ ಹೆಚ್ಚಿದೆ. ಅದೇ ತೀರ್ಪು, ಜೀವನಾಂಶ ಮತ್ತು ಮಗುವಿನ ಸುಪರ್ದಿ ನಿಜವಾಗಿ ಇತ್ಯರ್ಥವಾಗಿರಬೇಕು ಎಂದೂ ಹೇಳುತ್ತದೆ. ಇವರ ಒಪ್ಪಂದದ ಕರಡು ನೋಡಿದೆ. ಕಾರಿಗೆ ಒಂದು ಪುಟ, ಒಡವೆಗೆ ಒಂದೂವರೆ ಪುಟ. ಪುಟ್ಟನಿಗೆ ಒಂದು ಸಾಲು: "ಮಗು ತಾಯಿಯ ಸುಪರ್ದಿಯಲ್ಲಿರತಕ್ಕದ್ದು, ತಂದೆಗೆ ಭೇಟಿಯ ಹಕ್ಕು ಇರತಕ್ಕದ್ದು."

ತಂದೆಯ ವಾದ ಬೇರೆ. "ಗಂಡು ಮಗು, ಐದು ದಾಟಿದೆ, ಕಾನೂನಿನ ಪ್ರಕಾರ ನನ್ನದೇ" ಎಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆ ಹೇಳುವುದು ನಿಜ. ಆದರೆ ಐದು ತುಂಬಿದ ಮರುದಿನ ಮಗು ತಂದೆಗೆ ವರ್ಗವಾಗುತ್ತದೆ ಎಂದು ಅದು ಎಲ್ಲಿಯೂ ಹೇಳಿಲ್ಲ. ಮಗುವಿನ ಹಿತವೇ ಮುಖ್ಯ ಎನ್ನುವುದು ಅದೇ ಕಾಯ್ದೆಯ ಹದಿಮೂರನೆಯ ಕಲಮು. ಇದನ್ನು ಅವರಿಗೆ ಒಪ್ಪಿಸುವುದರಲ್ಲೇ ಮೊದಲ ಭೇಟಿ ಕಳೆದುಹೋಯಿತು.

ಹೊಟ್ಟೆಯಲ್ಲಿ ದೋಷವಿಲ್ಲ ಎಂದು ವೈದ್ಯರಿಂದ ಖಾತ್ರಿ ಮಾಡಿಕೊಂಡ ಮೇಲೆ ಪುಟ್ಟನನ್ನು ಒಬ್ಬನೇ ಕೂರಿಸಿಕೊಂಡೆ. ಅವನಿಗೆ ಕ್ರಿಕೆಟ್ ಹುಚ್ಚು. "ಹೋದ ಭಾನುವಾರದ ಕಾಮೆಂಟರಿ ಹೇಳು, ಒಂದೊಂದೇ ಓವರ್" ಎಂದೆ. ಹತ್ತು ಗಂಟೆಗೆ ದೋಸೆ, ಆಮೇಲೆ ಅಪ್ಪನ ಜೊತೆ ಸೈಕಲ್. ಐದೂವರೆಗೆ ಅಜ್ಜಿ ಬಡಿಸಿದ ಮುದ್ದೆ, ಸೊಪ್ಪಿನ ಸಾರು, ಅನ್ನ, ಮೇಲೆ ಪಾಯಸ. ಆರೂವರೆಗೆ ಅಮ್ಮನ ಮನೆಯಲ್ಲಿ ಪೂರಿ ಸಾಗು.

"ಊಟ ಆಯಿತು ಎಂದು ಅಮ್ಮನಿಗೆ ಹೇಳಬಹುದಲ್ಲ?"

"ಹೇಳಿದರೆ ಅಮ್ಮ ಸಾಗು ಫ್ರಿಜ್ಜಿನಲ್ಲಿ ಇಟ್ಟುಬಿಡುತ್ತಾಳೆ. ಅವಳೂ ತಿನ್ನುವುದಿಲ್ಲ."

"ಅಜ್ಜಿಗೆ ಬೇಡ ಎನ್ನಬಹುದಲ್ಲ?"

"ಅಮ್ಮ ಹಾಗೆ ಹೇಳಿಕೊಟ್ಟಳಾ ಎಂದು ಕೇಳುತ್ತಾರೆ."

ನಮ್ಮ ಕಡೆ ದಾರಿಯಲ್ಲಿ ಸಿಕ್ಕ ಅಪರಿಚಿತರನ್ನೂ ಊಟ ಆಯಿತಾ ಎಂದು ಕೇಳುತ್ತೇವೆ, ಉತ್ತರಕ್ಕೆ ನಿಲ್ಲುವುದೂ ಇಲ್ಲ. ಈ ಹುಡುಗನ ಪಾಲಿಗೆ ಅದು ಯಾರ ಕಡೆಯವನು ಎಂದು ಕೇಳಿದ ಹಾಗೆ. ಆಗ ನನ್ನ ಮೊದಲ ದಿನದ ಟಿಪ್ಪಣಿ ತೆರೆದು ನೋಡಿದೆ. ಒಳಗೆ ಬಂದವನನ್ನು ನಾನೇ "ಊಟ ಆಯಿತಾ ಪುಟ್ಟ?" ಎಂದು ಮಾತಾಡಿಸಿದ್ದೆ. "ಉತ್ತರಿಸುವ ಮುನ್ನ ತಾಯಿಯ ಮುಖ ನೋಡಿದ" ಎಂದು ಬರೆದುಕೊಂಡೂ ಇದ್ದೆ. ನಾಚುವ ಸ್ವಭಾವ ಎಂದುಕೊಂಡು ಮುಂದೆ ಹೋಗಿದ್ದೆ.

ಪುಟ್ಟನನ್ನು ಕೇಳಿಯೇ ದೊಡ್ಡವರಿಗೆ ಹೇಳಿದೆ. ತಾಯಿ ತಾರೀಕಿನ ಪುಸ್ತಕವನ್ನು ಮುಚ್ಚಿ ಚೀಲಕ್ಕೆ ಹಾಕಿಕೊಂಡರು. ತಂದೆ, "ನನ್ನ ಅಮ್ಮನಿಗೆ ಯಾರು ಹೇಳುವವರು?" ಎಂದರು. ನಾನೇ ಹೇಳುತ್ತೇನೆ, ಕರೆದುಕೊಂಡು ಬನ್ನಿ ಎಂದೆ. ಇಂಥ ಪ್ರಕರಣಗಳಲ್ಲಿ ಅಜ್ಜಿಯನ್ನು ಹೊರಗಿಟ್ಟು ಮಾಡಿದ ಒಪ್ಪಂದ ಒಲೆಯ ಮುಂದೆ ಮುರಿದುಬೀಳುತ್ತದೆ. ಆಕೆ ಬಂದರು. "ಮಗುವನ್ನು ಬರಿಹೊಟ್ಟೆಯಲ್ಲಿ ಕಳಿಸಲಾಗುತ್ತದೆಯೇ? ಅವಳು ದುಡಿದು ಸುಸ್ತಾಗಿರುತ್ತಾಳೆ" ಎಂದರು. ಆ ಮಾತಿನಲ್ಲಿ ಅರ್ಧ ಅಕ್ಕರೆ, ಅರ್ಧ ಮೊನೆ. ನಾನು ಅಕ್ಕರೆಯ ಅರ್ಧವನ್ನು ಮಾತ್ರ ಹಿಡಿದುಕೊಂಡೆ.

ನನ್ನ ಸಲಹೆ ಹೀಗಿತ್ತು. ಅರ್ಜಿಯನ್ನು ಆರು ವಾರ ತಡೆಹಿಡಿಯಿರಿ. ಭಾನುವಾರ ರಾತ್ರಿಯ ಊಟ ಅಮ್ಮನ ಮನೆಯದು. ಅಪ್ಪನ ಮನೆಯಲ್ಲಿ ನಾಲ್ಕು ಗಂಟೆಯ ತಿಂಡಿಯೇ ಕೊನೆ. ಅಜ್ಜಿಗೆ ಕೊಡಲೇಬೇಕು ಅನ್ನಿಸಿದ್ದನ್ನು ಡಬ್ಬಿಯಲ್ಲಿ ಕಳಿಸಲಿ, ಅದನ್ನು ಅಮ್ಮನೇ ತೆರೆದು ಸೋಮವಾರ ಬುತ್ತಿಗೆ ಹಾಕಲಿ. ಬಂದ ಮಗುವನ್ನು ಊಟ ಆಯಿತಾ, ಅಲ್ಲಿ ಯಾರು ಬಂದಿದ್ದರು, ಏನು ಅಂದರು ಎಂದು ಕೇಳುವುದು ಬೇಡ. ಬಾ, ಕೈಕಾಲು ತೊಳೆದುಕೋ ಎಂದರೆ ಸಾಕು. ಶನಿವಾರ ಶಾಲೆ ಅರ್ಧ ದಿನ. ಅಮ್ಮ ಶಾಲೆಗೆ ಬಿಡಲಿ, ಅಪ್ಪ ಅಲ್ಲಿಂದಲೇ ಕರೆದೊಯ್ಯಲಿ. ಗೇಟಿನ ಬಳಿ ಇಬ್ಬರೂ ಮುಖ ತಿರುಗಿಸಿ ನಿಲ್ಲುವುದನ್ನು ಅವನು ವಾರಕ್ಕೆ ಒಂದು ಸಲವಾದರೂ ಕಡಿಮೆ ನೋಡಲಿ.

ಕರಡಿನ ಆ ಒಂದು ಸಾಲು ಕೊನೆಗೆ ಎರಡು ಪುಟವಾಯಿತು. ದಸರಾ ರಜೆ ಎರಡು ಪಾಲು. ಬೇಸಿಗೆಯಲ್ಲಿ ಹದಿನೈದು ದಿನಗಳ ಸರದಿ. ಯುಗಾದಿ ಒಂದು ವರ್ಷ ಇಲ್ಲಿ, ಮುಂದಿನ ವರ್ಷ ಅಲ್ಲಿ. ಶಾಲೆಯ ಸಂದೇಶ ಇಬ್ಬರ ಮೊಬೈಲಿಗೂ ಬರಬೇಕು. ಜ್ವರ ಬಂದರೆ ಅದೇ ದಿನ ತಿಳಿಸಬೇಕು. ಶುಲ್ಕದ ಮಾತನ್ನು ಮಗುವಿನ ಬಾಯಲ್ಲಿ ಹೇಳಿಕಳಿಸಬಾರದು. ಮುಂದೆ ಪುಟ್ಟನಿಗೆ ಹದಿಮೂರಾದಾಗ ಇದು ಹೊಂದದೆ ಹೋದರೆ ಬದಲಿಸಿಕೊಳ್ಳಬಹುದು. ಮಕ್ಕಳ ಬಗೆಗಿನ ಆದೇಶವನ್ನು ವಿಚ್ಛೇದನದ ನಂತರವೂ ಮಾರ್ಪಡಿಸಲು ಅದೇ ವಿವಾಹ ಕಾಯ್ದೆಯ 26ನೇ ಕಲಮು ಅವಕಾಶ ಕೊಡುತ್ತದೆ.

ಹೊಡೆತ, ಕುಡಿತ, ಬೆದರಿಕೆ ಇರುವ ಮನೆಗೆ ಈ ಡಬ್ಬಿಯ ಉಪಾಯ ಹೇಳುವುದಿಲ್ಲ. ಅಲ್ಲಿ ಮೊದಲು ಸುರಕ್ಷತೆ, ಮೇಲ್ವಿಚಾರಣೆಯಲ್ಲಿ ಭೇಟಿ. ಇಲ್ಲಿ ಇದ್ದದ್ದು ಇಬ್ಬರು ಒಳ್ಳೆಯವರ ಹಟ.

ಆರು ವಾರದಲ್ಲಿ ವಾಂತಿ ಒಂದೇ ಸಲ ಆಯಿತು, ಅದೂ ಯಾರದೋ ನಾಮಕರಣದ ಊಟ ಉಂಡು ಬಂದ ದಿನ. ಅಜ್ಜಿಯ ಡಬ್ಬಿ ಮೊದಲ ಮೂರು ವಾರ ತೊಳೆದು ಖಾಲಿಯಾಗಿಯೇ ಹಿಂದಿರುಗಿತು. ಖಾಲಿ ಪಾತ್ರೆ ಹಿಂದಿರುಗಿಸುವವರೂ ಇದ್ದಾರೆಯೇ ಎಂದು ಆಕೆ ಫೋನಿನಲ್ಲಿ ನನ್ನ ಬಳಿ ದೂರಿದರು. ನಾಲ್ಕನೆಯ ವಾರ ಅದರಲ್ಲಿ ನಾಲ್ಕು ನಿಂಬೆಹಣ್ಣು ಇದ್ದವಂತೆ. ವಿಚ್ಛೇದನವೇನೂ ನಿಲ್ಲಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಆದೇಶವಾಯಿತು.

ಕೊನೆಯ ಭೇಟಿಯ ದಿನ ಪುಟ್ಟ ಬಾಗಿಲಲ್ಲಿ ನಿಂತು, "ನಿಮ್ಮ ಊಟ ಆಯಿತಾ ಆಂಟಿ?" ಎಂದು ಕೇಳಿದ. ಆಗಿತ್ತು. ಆದರೂ ಉತ್ತರ ಹೇಳಲು ನನಗೆ ಒಂದು ಗಳಿಗೆ ಬೇಕಾಯಿತು.