ಚಿಕ್ಕು ಮರಕ್ಕೆ ದಿನಾ ಬರೋದು ಅದೇ ಬಾವಲಿನಾ?

ಪ್ರಶ್ನೆ: ನಮ್ಮೂರ ಕೆರೆ ಏರಿಯ ಆಲದ ಮರದಲ್ಲಿ ನೂರಾರು ಬಾವಲಿಗಳಿವೆ. ಕತ್ತಲಾಗುತ್ತಲೇ ಎಲ್ಲ ಎದ್ದು ಹೋಗುತ್ತವೆ. ಬೆಳಗ್ಗೆ ನಮ್ಮ ಚಿಕ್ಕು ಮರದ ಕೆಳಗೆ ಕಚ್ಚಿದ ಹಣ್ಣಿನ ರಾಶಿ. ಪಕ್ಕದ ಮನೆಯವರ ಮರ ಮಾತ್ರ ಮುಟ್ಟಲ್ಲ! ಆಲದ ಮರದ ಹತ್ತಿರ ಪಟಾಕಿ ಹೊಡೆದು ಓಡಿಸಿದರೆ ಸರಿಹೋಗುತ್ತಾ ಸರ್?

ಉತ್ತರ: ಪಟಾಕಿ ಸುಮ್ನೆ ದಂಡ. ಒಟ್ಟಿಗೆ ಎದ್ದವು ಅಂತ ಒಟ್ಟಿಗೇ ಉಣ್ಣೋಕೆ ಹೋಗುತ್ತವೆ ಅಂದುಕೊಳ್ಳಬೇಡಿ. ಮೇಲೆ ಏರಿದ ಮೇಲೆ ಅದರದರ ದಾರಿ ಅದಕ್ಕೆ.

ಇಸ್ರೇಲ್‌ನಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಅಲ್ಲಿನ ಹಣ್ಣುಬಾವಲಿಗಳಿಗೆ ಜಿಪಿಎಸ್ ಕಟ್ಟಿ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗುಹೆಯಿಂದ ಹೊರಟ ಬಾವಲಿ ಎತ್ತರದಲ್ಲಿ, ದಾರ ಹಿಡಿದ ಹಾಗೆ ನೇರವಾಗಿ, ಕಿಲೋಮೀಟರ್‌ಗಟ್ಟಲೆ ಹಾರಿ ತನ್ನ ಮರಕ್ಕೇ ಹೋಗಿ ಇಳಿಯುತ್ತಿತ್ತು, ದಾರಿಯಲ್ಲಿ ಅಂಥದೇ ಹಣ್ಣಿನ ಮರಗಳಿದ್ದರೂ ತಿರುಗಿ ನೋಡುತ್ತಿರಲಿಲ್ಲ. ಮರುದಿನ ರಾತ್ರಿಯೂ ಅದೇ ಮರ. ಆಮೇಲೆ ಇಸ್ರೇಲಿನದೇ ಹುಲಾ ಕಣಿವೆಯಲ್ಲಿ 4 ವರ್ಷ 172 ಬಾವಲಿಗಳ ಜಾಡು ಹಿಡಿದರು, ಅಲ್ಲಿನ ಹಣ್ಣಿನ ಮರಗಳ ನಕ್ಷೆಯನ್ನೂ ಮಾಡಿಕೊಂಡರು. ಬಾವಲಿಗಳು ಹುಡುಕಾಡುತ್ತಾ ಅಲೆಯುವುದು ಬಹಳ ಕಡಿಮೆ, ಗೊತ್ತಿರುವ ಮರಕ್ಕೆ ಹತ್ತಿರದ ದಾರಿ ಹಿಡಿದು ಹೋಗುತ್ತವೆ ಅಂತ ಗೊತ್ತಾಯಿತು. ನಿಮ್ಮ ಮರ ಯಾವುದೋ ಬಾವಲಿಯ ಲೆಕ್ಕದಲ್ಲಿ ಸೇರಿಹೋಗಿದೆ, ಪಕ್ಕದವರದ್ದು ಸೇರಿಲ್ಲ, ಅಷ್ಟೇ ಇರಬಹುದು.

ಸ್ವಭಾವವೂ ಒಂದೊಂದರದ್ದು ಒಂದೊಂದು. ಸಾಕಿದ ಗುಂಪುಗಳಲ್ಲಿ ಕೆಲವು ತಾವೇ ಹೋಗಿ ಹಣ್ಣು ತಂದರೆ, ಇನ್ನು ಕೆಲವು ಬೇರೆಯವರ ಬಾಯಿಂದಲೇ ಕಿತ್ತು ತಿನ್ನುತ್ತವೆ. ತಿಂಗಳುಗಟ್ಟಲೆ ಅದೇ ಚಾಳಿ! (ಇಂಥವರು ನಮ್ಮಲ್ಲೂ ಇದ್ದಾರೆ ಅಲ್ವಾ?)

ಇನ್ನು ಆಲದ ಮರ. ಅದನ್ನು ಮನೆ ಅನ್ನೋದಕ್ಕಿಂತ ಲಾಡ್ಜ್ ಅಂದರೆ ಸರಿ. ಆಸ್ಟ್ರೇಲಿಯಾದಲ್ಲಿ ಇಂಥದೇ 201 ದೊಡ್ಡ ಬಾವಲಿಗಳಿಗೆ ಉಪಗ್ರಹ ಟ್ಯಾಗ್ ಹಾಕಿದರೆ, ಅವು 755 ಕಡೆ ತಂಗಿದ್ದವು. ಇವತ್ತು ನೇತಾಡಿದ್ದು ನಾಳೆ ಅಲ್ಲಿರಲೇಬೇಕು ಅಂತಿಲ್ಲ.

ಅಷ್ಟಕ್ಕೂ ಕಳ್ಳ ಆಲದ ಮರದವನೇ ಅಂತ ಹೇಗೆ ಹೇಳುತ್ತೀರಿ? ಬೈನೆ, ತಾಳೆ ಗರಿಯ ಅಡಿಯಲ್ಲಿ ಇರುವ ಸಣ್ಣ ಬಾವಲಿಯೂ ಚಿಕ್ಕು ತಿನ್ನುತ್ತದೆ. ಅದು ಹಣ್ಣನ್ನು ಕಚ್ಚಿಕೊಂಡು ಹೋಗಿ ಬೇರೆ ಮರದಲ್ಲಿ ಕೂತು, ರಸ ಹೀರಿ, ನಾರನ್ನು ಚಪ್ಪಟೆ ಉಂಡೆ ಮಾಡಿ ಉಗುಳುತ್ತದೆ. ನಾಳೆ ಬೆಳಗ್ಗೆ ಅಕ್ಕಪಕ್ಕದ ಮಾವಿನ ಮರದ ಕೆಳಗೂ ಒಮ್ಮೆ ನೋಡಿ. ಅಲ್ಲಿ ಚಿಕ್ಕು ಬೀಜ, ನಾರಿನ ಉಂಡೆ ಬಿದ್ದಿದ್ದರೆ ಅನುಮಾನ ಈ ಸಣ್ಣವನ ಮೇಲೆ.

ಚಿಕ್ಕು ಹೇಗೂ ಕಿತ್ತ ಮೇಲೆ ಹಣ್ಣಾಗುತ್ತದೆ. ಬಲಿತ ಕಾಯಿಗಳನ್ನು ಇಳಿಸಿ ಹುಲ್ಲಲ್ಲಿ ಮುಚ್ಚಿಡಿ. ತುದಿಯ ಒಂದೆರಡು ಕೈಗೆ ಸಿಗಲ್ಲ, ಅವು ಬಾವಲಿಗಿರಲಿ.