ನಿಮ್ಮ ಸಿಂಥ್ ಟ್ರ್ಯಾಕ್ ಕೇಳಿದೆ: ಮೊದಲು ಆ ಎಫ್ ತೆಗೆಯಿರಿ

ನೀವು ವಾಟ್ಸಾಪಿಗೆ ಹಾಕಿದ ಟ್ರ್ಯಾಕ್ ನಾಲ್ಕು ಸಲ ಕೇಳಿದೆ. ಎರಡು ಸಲ ಹೆಡ್‌ಫೋನಿನಲ್ಲಿ, ಒಂದು ಸಲ ಸ್ಪೀಕರಿನಲ್ಲಿ, ಕೊನೆಗೆ ಅಡುಗೆಮನೆ ಕಟ್ಟೆಯ ಮೇಲೆ ಫೋನ್ ಇಟ್ಟು ಚಹಾ ಕುದಿಸುತ್ತಾ. ನೀವು ಕೇಳಿದ್ದು ಎರಡು ಪ್ರಶ್ನೆ. ಎಂಬತ್ತರ ದಶಕದ ಸಿಂಥ್ (ಎಲೆಕ್ಟ್ರಾನಿಕ್ ದನಿ ಹುಟ್ಟಿಸುವ ಕೀಬೋರ್ಡ್) ಥರ ಕೇಳಿಸುತ್ತಾ? ಮಿಕ್ಸ್, ಅಂದ್ರೆ ಎಲ್ಲ ದನಿ ಬೆರೆಸಿದ್ದು, ಯಾಕೆ ಕಲಸುಮೇಲೋಗರ ಆಗಿದೆ? ಮೇಲೆ ಹತ್ತು ಜನ ಸೂಪರ್ ಅಂತ ಹೆಬ್ಬೆರಳು ಒತ್ತಿ ಹೋಗಿದ್ದಾರೆ. ಅದು ಖುಷಿಗೆ ಸರಿ, ಕೆಲಸಕ್ಕೆ ಬರೋದಿಲ್ಲ. ನಾನು ಉದ್ದಕ್ಕೆ ಬರೀತೀನಿ, ಬೇಕಾದ್ದು ತಗೊಳ್ಳಿ, ಬೇಡದ್ದು ಬಿಡಿ.

ಮೊದಲು ಒಳ್ಳೇದು ಹೇಳಿಬಿಡ್ತೀನಿ. ಆ ಲೀಡ್ ರಾಗ, ಅಂದ್ರೆ ಎದ್ದು ಕೇಳುವ ಮುಖ್ಯ ದನಿ, ಚೆನ್ನಾಗಿದೆ. ಸುಮ್ನೆ ಹೇಳ್ತಿಲ್ಲ, ಚಹಾ ಸೋಸುವಾಗ ಅದನ್ನೇ ಗುನುಗ್ತಾ ಇದ್ದೆ. ಎ ಅನ್ನು ಷಡ್ಜ ಮಾಡಿಕೊಂಡು ಭೀಮಪಲಾಸಿ ಹಿಡಿದಿದ್ದೀರಿ. ಏರುವಾಗ ರಿಷಭ, ಧೈವತ ಬಿಟ್ಟು ಇಳಿಯುವಾಗ ಎರಡನ್ನೂ ಸೇರಿಸಿದ್ದೀರಿ. ಯಾರ ಹತ್ತಿರವೋ ಕಲಿತಿದ್ದೀರಿ ಅಂತ ಗೊತ್ತಾಗುತ್ತೆ.

ಆದರೆ 1:20ರ ಹತ್ತಿರ ನಿಲ್ಲಿಸಿ ಕೇಳಿ. ನಿಮ್ಮ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಎ ಮೈನರ್, ಎಫ್, ಸಿ, ಜಿ, ಬಾರ್‌ಗೆ ಒಂದರಂತೆ ಸುತ್ತುತ್ತಿವೆ. ಲೀಡ್ ಮೇಲಿನ ಸಾದಿಂದ ನಿ, ಧ, ಪ ಅಂತ ಇಳಿಯೋದು ಸರಿಯಾಗಿ ಎಫ್ ಕಾರ್ಡಿನ ಮೇಲೆ. ಭೀಮಪಲಾಸಿಯ ಧೈವತ ಶುದ್ಧ. ಎ ಷಡ್ಜವಾದರೆ ಅದು ಎಫ್ ಶಾರ್ಪ್. ಕೆಳಗೆ ಪ್ಯಾಡ್ (ಹಿನ್ನೆಲೆಯಲ್ಲಿ ಉದ್ದಕ್ಕೆ ಎಳೆಯುವ ದನಿ) ಎಫ್ ಹಿಡಿದು ಕೂತಿದೆ, ಮೇಲೆ ಲೀಡ್ ಎಫ್ ಶಾರ್ಪ್ ಮುಟ್ಟುತ್ತಿದೆ. ಅರ್ಧ ಸ್ವರದ ಜಗಳ. ನೀವು ಇದನ್ನು ಮಿಕ್ಸಿನ ದೋಷ ಅಂದುಕೊಂಡು ಇಕ್ಯೂನಲ್ಲಿ (ದನಿಯ ತಗ್ಗು, ಎತ್ತರದ ಭಾಗಗಳನ್ನು ಏರಿಳಿಸುವ ಸಾಧನ) ಕೆತ್ತಿದ್ದೀರಿ ಅನ್ಸುತ್ತೆ, ಯಾಕಂದ್ರೆ ಅಲ್ಲಿ ಲೀಡ್ ಒಮ್ಮೆಲೇ ಸಣ್ಣಗಾಗುತ್ತೆ. ಇಕ್ಯೂನಿಂದ ಇದು ಹೋಗೋದಿಲ್ಲ. ಎಫ್ ಬದಲು ಡಿ ಮೇಜರ್ ಹಾಕಿ ನೋಡಿ. ಅದರಲ್ಲಿ ಡಿ, ಎಫ್ ಶಾರ್ಪ್, ಎ ಮೂರೂ ನಿಮ್ಮ ರಾಗದವೇ. ಮೇಲಾಗಿ ಡಿ ಅಂದ್ರೆ ಮಧ್ಯಮ, ಭೀಮಪಲಾಸಿಗೆ ಅದೇ ವಾದಿ, ಅಂದ್ರೆ ಮುಖ್ಯ ಸ್ವರ. ಮೈನರ್ ಹಾಡಿನ ಮಧ್ಯೆ ಬರುವ ಆ ಮೇಜರ್ ಕಾರ್ಡಿಗೆ ಒಂದು ಥರ ರಾತ್ರಿ ಹೈವೇ ಬೆಳಕಿದೆ, ನೀವು ಹುಡುಕ್ತಾ ಇರೋದೂ ಅದೇ ಅಲ್ವಾ? ಎಫ್ ಬಿಡೋಕೆ ಮನಸ್ಸಿಲ್ಲ ಅಂದ್ರೆ ಆ ಬಾರಿನಲ್ಲಿ ಪ್ಯಾಡ್‌ಗೆ ಎ ಮತ್ತು ಸಿ ಎರಡೇ ಕೊಟ್ಟು, ಬಾಸ್ ಎ ಮೇಲೆ ನಿಲ್ಲಿಸಿ. ಅದೂ ನಡೆಯುತ್ತೆ.

ಇನ್ನು ಪ್ಯಾಡ್. ನೀವು ಹಾಕಿದ ಸ್ಕ್ರೀನ್‌ಶಾಟ್ ನೋಡಿದೆ. ಏಳು ವಾಯ್ಸ್ ಯೂನಿಸನ್ (ಒಂದೇ ಸ್ವರಕ್ಕೆ ಏಳು ದನಿ), ಮೇಲೆ ಡಿಟ್ಯೂನ್ (ಅವುಗಳ ಶ್ರುತಿ ತುಸು ಕದಲಿಸೋದು), ಅದರ ಮೇಲೆ ದನಿ ದಪ್ಪ ಮಾಡುವ ಕೋರಸ್, ಅದರ ಮೇಲೆ ಸ್ಟೀರಿಯೊ ಅಗಲ ಮಾಡುವ ಇನ್ನೊಂದು ಪ್ಲಗಿನ್. ಹೋಳಿಗೆಗೆ ಸಕ್ಕರೆ ಪಾಕ ಸುರಿದ ಹಾಗೆ. ಆ ಏಳು ಸಾ ವೇವ್ (ಗರಗಸದ ಹಲ್ಲಿನ ಆಕಾರದ ತರಂಗ, ಸ್ವರದ ಸಾ ಅಲ್ಲ) ಒಟ್ಟಿಗೆ ಮೊರೆಯುವ ದನಿ ಎಂಬತ್ತರ ದಶಕದ್ದೇ ಅಲ್ಲ. ಅದು 1996ರ ರೋಲ್ಯಾಂಡ್ ಜೆಪಿ-8000ದಿಂದ ಬಂದದ್ದು. ನಿಮಗೆ ಬೇಕಾದ, ರೋಲ್ಯಾಂಡಿನದೇ ಆದ ಜೂನೊ ಸಿಂಥಿನ ದನಿಗೆ, ಅಂದ್ರೆ 1982ರ ಜೂನೊ-60 ಅಥವಾ 1984ರ ಜೂನೊ-106ಕ್ಕೆ, ಒಂದು ವಾಯ್ಸಿಗೆ ಇದ್ದದ್ದು ಒಂದೇ ಆಸಿಲೇಟರ್ (ಮೂಲ ದನಿ ಹುಟ್ಟಿಸುವ ಭಾಗ). ಜೊತೆಗೊಂದು ಸಬ್, ಅಂದ್ರೆ ಒಂದು ಆಕ್ಟೇವ್ ಕೆಳಗಿನ ದನಿ. ಶ್ರುತಿ ಕದಲದಂಥ ಗಟ್ಟಿ ಆಸಿಲೇಟರ್ ಅದು. ಒಂದೇ ಆಸಿಲೇಟರ್ ತೆಳ್ಳಗೆ ಕೇಳಿಸುತ್ತೆ ಅಂತಲೇ ಕೊನೆಗೊಂದು ಕೋರಸ್ ಇಟ್ಟರು. ಆ ದಪ್ಪ ಎಲ್ಲ ಕೋರಸ್‌ನದು. ಹಾಗಾಗಿ ಯೂನಿಸನ್ ಒಂದಕ್ಕೆ ಇಳಿಸಿ, ಡಿಟ್ಯೂನ್ ಸೊನ್ನೆ ಮಾಡಿ, ಸಬ್ ಸ್ವಲ್ಪ, ಕೊನೆಗೆ ಒಂದೇ ಒಂದು ಕೋರಸ್. ಟಾಲ್ ಕಂಪನಿಯ ಕೋರಸ್-ಎಲ್‌ಎಕ್ಸ್ ಪುಕ್ಕಟೆ ಸಿಗುತ್ತೆ, ಜೂನೊ ಕೋರಸ್‌ನ ನಕಲೇ ಅದು. ಅದರ ಒಂದನೇ ಗುಂಡಿ ಸಾಕು.

ಆಮೇಲೆ ವಾಯ್ಸ್ ಲೆಕ್ಕ, ಅಂದ್ರೆ ಒಮ್ಮೆಗೆ ಎಷ್ಟು ಸ್ವರ ನುಡಿಯಬಹುದು ಅನ್ನೋದು. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಕಲಸುಮೇಲೋಗರದ ಮುಕ್ಕಾಲು ಪಾಲು ಇಲ್ಲೇ ಇದೆ. ನಿಮ್ಮ ಟೆಂಪೊ ನಿಮಿಷಕ್ಕೆ 100 ಬೀಟ್. ನಾಲ್ಕು ಬೀಟಿನ ಒಂದು ಬಾರ್ ಅಂದ್ರೆ 2.4 ಸೆಕೆಂಡ್. ಪ್ಯಾಡಿನ ರಿಲೀಸ್ (ಕೀ ಬಿಟ್ಟ ಮೇಲೆ ದನಿ ಆರುವ ಹೊತ್ತು) ಇಟ್ಟಿರೋದು 4 ಸೆಕೆಂಡ್. ಎ ಮೈನರ್ ಬಿಟ್ಟ ಮೇಲೂ ಅದರ ಬಾಲ ಒಂದೂವರೆ ಬಾರಿಗಿಂತ ಹೆಚ್ಚೇ ಎಳೆಯುತ್ತೆ. ಅಷ್ಟರಲ್ಲಿ ಎಫ್ ಬಂದು ಹೋಗಿ ಸಿ ಬಂದಿರುತ್ತೆ. ಅಂದ್ರೆ ಯಾವಾಗ ಕೇಳಿದರೂ ಎರಡು ಮೂರು ಕಾರ್ಡ್ ಒಟ್ಟಿಗೆ. ಇದರ ಮೇಲೆ ದೊಡ್ಡ ಹಾಲಿನ ಪ್ರತಿಧ್ವನಿ ಕೊಡುವ ರಿವರ್ಬ್ ಬೇರೆ. ಜೂನೊದಲ್ಲಿ ಒಟ್ಟು ಇದ್ದದ್ದು ಆರೇ ವಾಯ್ಸ್. ನಾಲ್ಕು ಸ್ವರದ ಕಾರ್ಡ್ ಬಿಟ್ಟು ಇನ್ನೊಂದು ನಾಲ್ಕು ಒತ್ತಿದರೆ ಎಂಟಾಯ್ತು, ಎರಡಕ್ಕೆ ಜಾಗ ಇಲ್ಲ. ಹಳೆಯ ಎರಡು ಸ್ವರದ ಬಾಲ ಕಟ್ ಆಗುತ್ತೆ. ಹಳೆ ಹಾಡುಗಳಲ್ಲಿ ಪ್ಯಾಡ್ ಉಸಿರಾಡಿದ ಹಾಗೆ ಅನ್ಸೋದಕ್ಕೆ ಇದೂ ಒಂದು ಕಾರಣ. ನಿಮ್ಮ ಪ್ಲಗಿನ್ನಿನಲ್ಲಿ ವಾಯ್ಸ್ ಮಿತಿ 6ಕ್ಕೆ ಇಳಿಸಿ, ರಿಲೀಸ್ 1 ಸೆಕೆಂಡಿನ ಆಸುಪಾಸು ತನ್ನಿ, 200 ಹರ್ಟ್ಸಿಗೆ ಹೈಪಾಸ್ ಹಾಕಿ ಅದರ ಕೆಳಗಿನ ದನಿ ಕತ್ತರಿಸಿ. ಮೊದಲ ಹತ್ತು ನಿಮಿಷ ಬೋಳು ಬೋಳು ಅನ್ಸುತ್ತೆ. ಕೈ ಕಟ್ಟಿಕೊಂಡು ಕೂತಿರಿ, ಮತ್ತೆ ಏನೂ ಸೇರಿಸಬೇಡಿ.

ಕಿಕ್ (ತಳದ ದೊಡ್ಡ ಡ್ರಮ್) ಮತ್ತು ಬಾಸ್ ಹೊಡೆದಾಡ್ತಿವೆ. ನಿಮ್ಮ ಬಾಸ್ ಕೂತಿರೋದು ಕೆಳಗಿನ ಎ ಮೇಲೆ, ಅಂದ್ರೆ 55 ಹರ್ಟ್ಸ್. ಕಿಕ್ಕಿನ ಹೊಟ್ಟೆಯೂ ಅಲ್ಲೇ ಇದೆ, ದನಿಯ ನಕ್ಷೆ ತೋರಿಸುವ ಸ್ಪ್ಯಾನ್ ಪ್ಲಗಿನ್ ಹಾಕಿ ನೋಡಿದೆ. ಎರಡರಲ್ಲಿ ಒಂದು ಜಾಗ ಬಿಡಬೇಕು. ನಾನಾದರೆ ಬಾಸ್ ಅನ್ನು ಒಂದು ಆಕ್ಟೇವ್ ಮೇಲೆ, 110ಕ್ಕೆ ಎತ್ತಿ, ಕಿಕ್ಕಿಗೆ ತಳ ಬಿಟ್ಟುಕೊಡ್ತೀನಿ. ಆಗ ಇನ್ನೊಂದು ಲಾಭ ಇದೆ. ಫೋನ್ ಸ್ಪೀಕರಿನಲ್ಲಿ 55 ಹರ್ಟ್ಸ್ ಕೇಳಿಸೋದೇ ಇಲ್ಲ, ನಿಮ್ಮ ಟ್ರ್ಯಾಕ್ ಕೇಳೋರೆಲ್ಲ ಫೋನಿನವರೇ. ಬಾಸ್‌ಗೆ ಸ್ವಲ್ಪ ಸ್ಯಾಚುರೇಶನ್ (ದನಿ ತುಸು ಒರಟು ಮಾಡೋದು) ಕೊಟ್ಟರೆ 220, 330ರಲ್ಲಿ ಅದರ ನೆರಳು ಏಳುತ್ತೆ. ಮೂಲ ಸ್ವರ ಕೇಳಿಸದಿದ್ದರೂ ಕಿವಿ ತಾನೇ ತುಂಬಿಕೊಳ್ಳುತ್ತೆ.

ಎಲೆಕ್ಟ್ರಿಕ್ ಪಿಯಾನೊ ಪುಕ್ಕಟೆ ಪ್ಲಗಿನ್ ಡೆಕ್ಸೆಡ್‌ನದು ಅಂದಿರಿ. ಒಳ್ಳೆ ಆಯ್ಕೆ. 1983ರ ಯಮಾಹಾ ಡಿಎಕ್ಸ್7ನ ದನಿ ಪುಕ್ಕಟೆ ಸಿಗೋದು ನಮ್ಮ ಕಾಲದವರಿಗೆ ಕನಸು. ಆದರೆ ಎಲ್ಲಾ ಸ್ವರವನ್ನೂ ಮೌಸಿನಲ್ಲಿ ಬರೆದು ವೆಲಾಸಿಟಿ (ಕೀ ಒತ್ತುವ ಜೋರು) 100ಕ್ಕೇ ಬಿಟ್ಟಿದ್ದೀರಿ. ಎಫ್‌ಎಂ ಸಿಂಥಿನ (ಡಿಎಕ್ಸ್7ನಂತೆ ಒಂದು ತರಂಗ ಇನ್ನೊಂದನ್ನು ಅಲುಗಿಸಿ ದನಿ ಮಾಡುವಂಥದ್ದು) ಜೀವ ಇರೋದೇ ವೆಲಾಸಿಟಿಯಲ್ಲಿ. ಮೆಲ್ಲಗೆ ಒತ್ತಿದರೆ ದನಿ ಬರೀ ಸಣ್ಣದಾಗೋದಲ್ಲ, ಬಣ್ಣವೇ ಬದಲಾಗುತ್ತೆ. ಒಂದು ಆಪರೇಟರ್ (ತರಂಗ ಹುಟ್ಟಿಸುವ ಘಟಕ) ಇನ್ನೊಂದನ್ನು ಎಷ್ಟು ಅಲುಗಿಸಬೇಕು ಅನ್ನೋದನ್ನೇ ಬೆರಳು ತೀರ್ಮಾನ ಮಾಡುತ್ತೆ. ಜೋರಾಗಿ ಹೊಡೆದರೆ ಗಂಟೆಯ ಥರ ಠಣ್ ಅನ್ನುತ್ತೆ, ಮೆಲ್ಲಗೆ ಮುಟ್ಟಿದರೆ ದುಂಡಗೆ ಬರುತ್ತೆ. ಕೀಬೋರ್ಡ್ ಇಲ್ಲ ಅಂದ್ರೆ ಪರವಾಗಿಲ್ಲ. ಒಂದೊಂದು ಬಾರಿನ ಮೊದಲ ಸ್ವರ 105, ಉಳಿದವು 60ರಿಂದ 85ರ ಮಧ್ಯೆ ಕೈಯಾರೆ ಏರಿಳಿಸಿ. ರ‍್ಯಾಂಡಮ್ ಗುಂಡಿ ಒತ್ತಬೇಡಿ, ಅದು ಕುಡಿದವನು ನುಡಿಸಿದ ಹಾಗಿರುತ್ತೆ.

ಸ್ನೇರ್‌ಗೆ ಗೇಟೆಡ್ ರಿವರ್ಬ್ ಹಾಕಿದ್ದೀರಿ, ಆದರೆ ಪ್ರತಿಧ್ವನಿಯನ್ನು ಥಟ್ಟನೆ ಕತ್ತರಿಸಬೇಕಾದ ಗೇಟ್ ಮುಚ್ಚುತ್ತಿಲ್ಲ. 100ರ ಟೆಂಪೊದಲ್ಲಿ ಅರ್ಧ ಬೀಟ್ ಅಂದ್ರೆ 300 ಮಿಲಿಸೆಕೆಂಡ್. ಅದರೊಳಗೆ ಧಬ್ ಅಂತ ಮುಚ್ಚಬೇಕು. ಮರುದನಿಯ ಡಿಲೇ 500 ಮಿಲಿಸೆಕೆಂಡಿನಲ್ಲಿದೆ, 450 ಮಾಡಿ, ಮುಕ್ಕಾಲು ಬೀಟಿಗೆ ಕೂರುತ್ತೆ.

ಈಗ ನನ್ನ ಸಿಟ್ಟಿನ ವಿಷಯ. ಆ ರೆಕಾರ್ಡ್ ಗೀರುವ ಚಟಪಟ ಸದ್ದು, ಕ್ಯಾಸೆಟ್‌ನ ಸುಯ್ ಅನ್ನೋ ಶಬ್ದ, ಇಡೀ ಹಾಡಿಗೆ ಟೇಪಿನ ಓಲಾಟ. ಇದನ್ನೆಲ್ಲ ಯಾಕೆ ಹಾಕ್ತೀರಿ ಮಾರಾಯ್ರೆ? ಆಗಿನವರು ಆ ಸುಯ್ ಸದ್ದು ತೆಗೆಯೋಕೆ ಪಟ್ಟ ಪಾಡು ನಿಮಗೆ ಗೊತ್ತಿಲ್ಲ. ಹೆಡ್‌ಗೆ ಹತ್ತಿಯಲ್ಲಿ ಸ್ಪಿರಿಟ್ ಹಚ್ಚಿ ಒರೆಸಿ, ಸ್ಕ್ರೂ ಡ್ರೈವರ್ ಹಿಡಿದು ಅದರ ಓರೆ ಸರಿಮಾಡಿ, ಸದ್ದು ತಗ್ಗಿಸುವ ಡಾಲ್ಬಿ ಹಾಕಿ, ಅಷ್ಟಾದರೂ ಉಳಿದದ್ದು ಅದು. ಹಳೇ ದನಿ ಅಂದ್ರೆ ಕೆಟ್ಟ ದನಿ ಅಲ್ಲ. ನಮ್ಮ ಆರ್ಕೆಸ್ಟ್ರಾದ ಕೀಬೋರ್ಡಿನವರಿಗೆ ಇದ್ದದ್ದು ಒಂದೇ ಸಿಂಥ್, ಎರಡು ಕೈ. ಎಡಗೈಯಲ್ಲಿ ಬಾಸ್, ಬಲಗೈಯಲ್ಲಿ ಪಿಟೀಲು ದನಿಯ ತುಣುಕು, ಮಧ್ಯೆ ಹಾಡುವವರು ಉಸಿರು ತಗೊಂಡಾಗ ಮಾತ್ರ ಒಂದು ಲೀಡ್. ಅಷ್ಟು ಕಡಿಮೆ ಇದ್ದದ್ದಕ್ಕೇ ಒಂದೊಂದೂ ಎದ್ದು ಕೇಳಿಸ್ತಿತ್ತು. ನಿಮ್ಮ ಪ್ರಾಜೆಕ್ಟಿನಲ್ಲಿ 31 ಟ್ರ್ಯಾಕ್ ಇವೆ. 8ಕ್ಕೆ ಇಳಿಸಿ ನೋಡಿ ಅನ್ನೋದೇ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ. ಓಲಾಟ ಬೇಕೇ ಬೇಕು ಅಂದ್ರೆ ಪ್ಯಾಡಿಗೆ ಮಾತ್ರ ಚಿಟಿಕೆಯಷ್ಟು. ಬಾಸ್, ಡ್ರಮ್ ಓಲಾಡಬಾರದು.

ಲೀಡಿನ ಮೀಂಡ್, ಅಂದ್ರೆ ಸ್ವರದಿಂದ ಸ್ವರಕ್ಕೆ ಜಾರೋದರ ಬಗ್ಗೆ. ಗದಿಂದ ಮಗೆ ಎಳೆದದ್ದು ಸೊಗಸಾಗಿದೆ. ಆದರೆ 2:05ಕ್ಕೆ ಪದಿಂದ ನಿಗೆ ಎಳೆಯುವಾಗ ನಿ ಮುಟ್ಟೋದೇ ಇಲ್ಲ, ಸ್ವಲ್ಪ ಕೆಳಗೇ ನಿಂತು ಸುಸ್ತಾಗುತ್ತೆ. ಕಾರಣ ಸುಲಭ. ಹೆಚ್ಚಿನ ಸಿಂಥ್‌ಗಳಲ್ಲಿ ಸ್ವರ ಎಳೆಯುವ ಪಿಚ್ ಬೆಂಡಿನ ವ್ಯಾಪ್ತಿ ಮೊದಲಿಗೆ 2 ಸೆಮಿಟೋನ್, ಅಂದ್ರೆ ಅರ್ಧ ಸ್ವರದ ಎರಡು ಮನೆ ಇರುತ್ತೆ. ಗದಿಂದ ಮಗೆ ಎರಡೇ ಮನೆ, ಸಾಕಾಯ್ತು. ಪದಿಂದ ಕೋಮಲ ನಿಗೆ ಮೂರು ಮನೆ. ವ್ಯಾಪ್ತಿಯನ್ನು 12 ಮಾಡಿ, ಮೊದಲು ಬರೆದ ಬೆಂಡ್‌ಗಳನ್ನೆಲ್ಲ ಮತ್ತೆ ಬರೆಯಿರಿ, ಇಲ್ಲಾಂದ್ರೆ ಅವು ಎಲ್ಲೋ ಹಾರಿ ಹೋಗ್ತವೆ. ಮೆಟ್ಟಿಲು ಮೆಟ್ಟಿಲಾಗಿ ಕೇಳಿಸುತ್ತೇನೋ ಅಂತ ಹೆದರಬೇಡಿ. ಮಿಡಿಯಲ್ಲಿ (ನುಡಿಸಿದ್ದನ್ನು ಅಂಕಿಯಾಗಿ ಬರೆಯುವ ಕ್ರಮ) ಬೆಂಡ್ 14 ಬಿಟ್‌ನದು, ಮೇಲೊಂದು 8 ಸಾವಿರ, ಕೆಳಗೊಂದು 8 ಸಾವಿರ ಹೆಜ್ಜೆ ಇವೆ. ಇನ್ನೊಂದು ದಾರಿ ಗ್ಲೈಡ್, ಅಂದ್ರೆ ಸಿಂಥೇ ಸ್ವರದಿಂದ ಸ್ವರಕ್ಕೆ ಜಾರೋದು. ಲೀಡನ್ನು ಮೋನೊ (ಒಮ್ಮೆಗೆ ಒಂದೇ ಸ್ವರ), ಲೆಗಾಟೊ (ಕಡಿಯದೆ ಜೋಡಿಸಿದ ಸ್ವರ) ಮಾಡಿ, ಜಾರಬೇಕಾದ ಕಡೆ ಮಾತ್ರ ಎರಡು ಸ್ವರ ಒಂದರ ಮೇಲೊಂದು ಬರುವ ಹಾಗೆ ಎಳೆಯಿರಿ. 1982ರಲ್ಲಿ ಮುಂಬೈಯಲ್ಲಿ ಚರಣ್‌ಜಿತ್ ಸಿಂಗ್ ಅನ್ನೋ ಸಂಗೀತಗಾರರು ರೋಲ್ಯಾಂಡ್ ಟಿಬಿ-303 ಬಾಸ್ ಸಿಂಥ್ ಇಟ್ಟುಕೊಂಡು ಡಿಸ್ಕೊ ಬೀಟಿನ ಮೇಲೆ ರಾಗ ನುಡಿಸಿದರಲ್ಲ, ಆ ಪೆಟ್ಟಿಗೆಯಲ್ಲಿ ಜಾರುವ ವೇಗ ಬದಲಿಸೋಕೆ ಗುಂಡಿಯೇ ಇಲ್ಲ. ಯಾವ ಸ್ವರ ಜಾರಬೇಕು, ಯಾವುದು ಬೇಡ ಅಂತ ಗುರುತು ಹಾಕೋದಷ್ಟೇ ಕೈಯಲ್ಲಿದ್ದದ್ದು. ಕೇಳಿಲ್ಲ ಅಂದ್ರೆ ಹುಡುಕಿ ಕೇಳಿ, ನಿಮ್ಮ ಟ್ರ್ಯಾಕ್ ಅದರ ಓಣಿಯದ್ದೇ.

ಶುರುವಿನ ಪ್ಯಾಡ್ 16 ಬಾರ್, ಡ್ರಮ್ ಬರೋದು 38ನೇ ಸೆಕೆಂಡಿಗೆ. ಅರ್ಧ ಮಾಡಿ.

ಮಿಕ್ಸ್ ಮುಗಿಸೋ ಮುಂಚೆ ಒಮ್ಮೆ ಎಡ ಬಲ ಒಂದಾಗಿಸುವ ಮೋನೊ ಗುಂಡಿ ಒತ್ತಿ ಕೇಳಿ. ಅಡುಗೆಮನೆಯಲ್ಲಿ ನನಗೆ ನಿಮ್ಮ ಪ್ಯಾಡ್ ಅರ್ಧ ಮಾಯವಾಗಿತ್ತು. ಎಡ ಬಲ ಉಲ್ಟಾ ಓಡುವ ಕೋರಸ್, ಅಗಲ ಮಾಡುವ ಪ್ಲಗಿನ್ ಎಲ್ಲ ಒಂದಕ್ಕೊಂದು ಸೇರಿದಾಗ ಒಂದನ್ನೊಂದು ಅಳಿಸಿ ಹಾಕ್ತವೆ. ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಹೆಡ್‌ಫೋನಿನಲ್ಲಿ ಮೂರು ರಾತ್ರಿ ಕೂತು ಮಾಡಿದ ಮಿಕ್ಸನ್ನು ಊರ ಗಣೇಶನ ಪೆಂಡಾಲಿಗೆ ಕೊಟ್ಟಿದ್ದೆ. ಮೈಕ್ ಸೆಟ್ಟಿನವರದ್ದು ಮೋನೊ. ನನ್ನ ಅಗಲವಾದ ಸ್ಟ್ರಿಂಗ್ಸ್ ಪೂರ್ತಿ ಕಾಣೆ, ಉಳಿದದ್ದು ಹೈ ಹ್ಯಾಟ್ ಮತ್ತು ಕೌ ಬೆಲ್ ಮಾತ್ರ. ಪ್ರಸಾದ ಹಂಚುತ್ತಿದ್ದ ನಮ್ಮ ಚಿಕ್ಕಪ್ಪ ಹತ್ತಿರ ಬಂದು, "ಹಾಡು ಯಾವಾಗ ಶುರು?" ಅಂತ ಕೇಳಿದ್ದರು.

ಕೊನೆಗೆ ಫೈಲ್ ಬಗ್ಗೆ. ನೀವು ಚಿತ್ರ ಸೇರಿಸಿ ವಿಡಿಯೊ ಮಾಡಿ ವಾಟ್ಸಾಪಿಗೆ ಹಾಕಿದ್ದೀರಿ. ಅದು ಹಿಂಡಿ ಹಿಪ್ಪೆ ಮಾಡುತ್ತೆ, ಹೈ ಹ್ಯಾಟ್ ನೀರಿನಲ್ಲಿ ನೆನೆದ ಹಾಗೆ ಕೇಳಿಸೋದು ನಿಮ್ಮ ತಪ್ಪೋ ಅದರ ತಪ್ಪೋ ಹೇಳೋಕಾಗಲ್ಲ. ವೇವ್ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲಾ ಡ್ರೈವ್ ಲಿಂಕ್ ಕೊಡಿ. ಮಾಸ್ಟರ್ ಮೇಲಿನ, ದನಿ ಒತ್ತಿ ಜೋರು ಮಾಡುವ ಲಿಮಿಟರ್ ತೆಗೆದು, ಪೀಕ್ ಮೈನಸ್ 6 ಡೆಸಿಬೆಲ್ ಹತ್ತಿರ ಬಿಡಿ. ಸದ್ಯಕ್ಕೆ ಎಲ್ಲ ಇಟ್ಟಿಗೆ ಥರ ಚಪ್ಪಟೆಯಾಗಿದೆ. ಅಷ್ಟು ಜೋರು ಮಾಡಿ ಏನೂ ಸಿಗೋದಿಲ್ಲ, ಯೂಟ್ಯೂಬ್ ಹೇಗೂ ದನಿಯ ಜೋರನ್ನು ಮೈನಸ್ 14 ಎಲ್‌ಯುಎಫ್‌ಎಸ್ ಆಸುಪಾಸಿಗೆ ಇಳಿಸಿಬಿಡುತ್ತೆ. ಮುಂದಿನ ಸಲ "ಹೇಗಿದೆ ಹೇಳಿ" ಅನ್ನೋ ಬದಲು "1:20ಕ್ಕೆ ಲೀಡ್ ಕೂತಿದೆಯಾ" ಅಂತ ಕೇಳಿ. ಹೆಬ್ಬೆರಳು ಕಮ್ಮಿ ಬೀಳುತ್ತೆ, ಉತ್ತರ ಜಾಸ್ತಿ ಬರುತ್ತೆ.

ಇಷ್ಟನ್ನೂ ಒಂದೇ ದಿನ ಮಾಡಬೇಡಿ. ಮೊದಲು ಕಾರ್ಡ್ ಬದಲಿಸಿ, ಪ್ಯಾಡಿನ ರಿಲೀಸ್ ಇಳಿಸಿ, ಅಷ್ಟಕ್ಕೇ ಒಂದು ಬೌನ್ಸ್ (ಪೂರ್ತಿ ಹಾಡಿನ ಒಂದೇ ಫೈಲ್) ಮಾಡಿ ಕಳಿಸಿ. ಜೊತೆಗೆ ಲೀಡಿನ ಮಿಡಿ ಫೈಲೂ ಇರಲಿ, ಆ ಪ ನಿ ಬೆಂಡ್ ಹೇಗೆ ಬರೆದಿದ್ದೀರಿ ಅಂತ ನೋಡಬೇಕು. ಭಾನುವಾರ ಸಂಜೆ ಮನೆಯಲ್ಲಿರ್ತೀನಿ, ಕೇಳಿ ಬರೀತೀನಿ.