ನೆಗಡಿ ಹೊತ್ತುಕೊಂಡು ಹ್ಯಾವ್‌ಲಾಕ್‌ಗೆ

ಡಿಸೆಂಬರ್ ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಅಂಡಮಾನಿನವು. ನಾನು ಕಿವಿ, ಮೂಗು, ಗಂಟಲಿನ ಡಾಕ್ಟರು, ಡೈವಿಂಗ್ ಹವ್ಯಾಸವೂ ಇದೆ ಎಂದು ಹಿಂದೊಮ್ಮೆ ಬರೆದಿದ್ದೇ ಇದಕ್ಕೆಲ್ಲ ಕಾರಣ. ಪ್ರತಿ ವರ್ಷ ಅವೇ ಪ್ರಶ್ನೆಗಳು. ಈ ಸಲ ಒಟ್ಟಿಗೇ ಉತ್ತರಿಸುತ್ತೇನೆ.

ಪ್ರಶ್ನೆ: ಜನವರಿ ಕೊನೆಗೆ ನಾವು ಆರು ಜನ ಗೆಳೆಯರು ಹ್ಯಾವ್‌ಲಾಕ್‌ಗೆ ಹೊರಟಿದ್ದೇವೆ. ರೆಸಾರ್ಟಿನವರ ಸ್ಕೂಬಾ ಪ್ಯಾಕೇಜಿಗೆ ದುಡ್ಡು ಕಟ್ಟಿಯಾಗಿದೆ. ನನಗೆ ಆಗಾಗ ಮೂಗು ಕಟ್ಟುತ್ತದೆ. ಅಲ್ಲಿ ನೆಗಡಿಯಾದರೆ ಮೂಗಿಗೆ ಡ್ರಾಪ್ಸ್ ಬಿಟ್ಟುಕೊಂಡು ನೀರಿಗಿಳಿಯಬಹುದೇ? ಮೂಗು ಹಿಡಿದು ಜೋರಾಗಿ ಊದಿದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಾನೆ ಒಬ್ಬ ಗೆಳೆಯ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಲಾಗುತ್ತದೆಯೇ? (ದಾವಣಗೆರೆಯ ಓದುಗರು)

ಮೂಗು ಕೊಯ್ಯುವುದು ಬೇಡ, ದೋಣಿಯಲ್ಲೇ ಕೂತಿರಿ. ನೆಗಡಿ ಇದ್ದರೆ ಇಳಿಯುವ ಹಾಗಿಲ್ಲ. ದುಡ್ಡು ಕಟ್ಟಿದ ವಿಷಯ ನಿಮ್ಮ ಕಿವಿಗೆ ಗೊತ್ತಿರುವುದಿಲ್ಲ.

ಕಿವಿತಮಟೆಯ ಹಿಂದೆ ಗಾಳಿ ತುಂಬಿದ ಒಂದು ಪುಟ್ಟ ಕೋಣೆಯಿದೆ. ಅದಕ್ಕಿರುವ ಬಾಗಿಲು ಒಂದೇ, ಮೂಗಿನ ಹಿಂಬದಿಗೆ ತೆರೆದುಕೊಳ್ಳುವ ಸಣ್ಣ ನಾಳ. ಎಂಜಲು ನುಂಗಿದಾಗ, ಆಕಳಿಸಿದಾಗ ಅದು ತೆರೆಯುತ್ತದೆ. ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡರಷ್ಟಾಗುತ್ತದೆ, ಆ ಕೋಣೆಯ ಗಾಳಿ ಅರ್ಧಕ್ಕೆ ಕುಗ್ಗಬೇಕು. ಮೂಗಿನ ಕಡೆಯಿಂದ ಹೊಸ ಗಾಳಿ ಒಳಗೆ ಹೋಗದಿದ್ದರೆ ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ರಕ್ತ ಒಸರುತ್ತದೆ, ಕೆಲವೊಮ್ಮೆ ತಮಟೆಯೇ ಹರಿಯುತ್ತದೆ. ಹರಿದ ಕಡೆಯಿಂದ ತಣ್ಣೀರು ಒಳನುಗ್ಗಿದರೆ ತಲೆ ಗಿರ್ರನೆ ತಿರುಗಿ ಮೇಲೆ ಯಾವುದು, ಕೆಳಗೆ ಯಾವುದು ತಿಳಿಯುವುದಿಲ್ಲ.

ತೊಂದರೆ ಇರುವುದು ಆಳದಲ್ಲಿ ಎಂದು ಬಹಳ ಜನ ನಂಬಿದ್ದಾರೆ. ಅಲ್ಲ, ಮೊದಲ ಕೆಲವು ಮೀಟರುಗಳಲ್ಲೇ ಇದೆ. ಎದೆಮಟ್ಟದ ನೀರಿನಷ್ಟು ಆಳ, ಸುಮಾರು 1.2 ಮೀಟರ್, ಇಳಿಯುವವರೆಗೂ ಗಾಳಿ ಸರಿದೂಗಿಸದೆ ಇದ್ದರೆ ಆ ನಾಳ ಒತ್ತಡಕ್ಕೆ ಅಂಟಿಕೊಂಡುಬಿಡಬಹುದು. ಆಮೇಲೆ ನಿಮ್ಮ ಗೆಳೆಯ ಹೇಳಿದಂತೆ ಎಷ್ಟು ಊದಿದರೂ ತೆರೆಯದು. ತೆರೆಯದ ಬಾಗಿಲಿಗೆ ಬಲ ಹಾಕಿದಾಗ ಆ ಒತ್ತಡ ಒಳಕಿವಿಗೆ ಹೋಗುತ್ತದೆ. ಅಲ್ಲಿರುವ ತೆಳು ಪೊರೆ ಹರಿದರೆ ಕಿವಿಯಲ್ಲಿ ಗುಂಯ್‌ಗುಟ್ಟುವ ಸದ್ದು, ತಲೆಸುತ್ತು, ಕಿವುಡು. ಹೋದ ಶ್ರವಣಶಕ್ತಿ ಪೂರ್ತಿ ವಾಪಸು ಬರುತ್ತದೆಂಬ ಖಾತ್ರಿಯಿಲ್ಲ. ನಿಮ್ಮ ಗೆಳೆಯನಿಗೆ ಇಲ್ಲಿಯವರೆಗೆ ಏನೂ ಆಗಿಲ್ಲ, ಅಷ್ಟೇ.

ಇನ್ನು ಡ್ರಾಪ್ಸ್. ಆಕ್ಸಿಮೆಟಜೋಲಿನ್, ಜೈಲೊಮೆಟಜೋಲಿನ್ ಮೂಗು ಬಿಡಿಸುತ್ತವೆ, ನಿಜ. ತಕರಾರು ಇರುವುದೇ ಅಲ್ಲಿ. ಔಷಧದ ಬಲದಿಂದ ಸಲೀಸಾಗಿ ಕೆಳಗೆ ಹೋಗುತ್ತೀರಿ. ನೀರಿನಡಿ ಇರುವಾಗ ಅದರ ಪರಿಣಾಮ ಇಳಿದರೆ ನಾಳ ಮತ್ತೆ ಊದಿಕೊಂಡು ಮುಚ್ಚಿಕೊಳ್ಳುತ್ತದೆ. ಮೇಲೆ ಬರುವಾಗ ಒಳಗಿನ ಗಾಳಿ ಹಿಗ್ಗುತ್ತದೆ, ಹೊರಹೋಗಲು ದಾರಿಯಿಲ್ಲ. ಕಿವಿ ನೋಯುತ್ತದೆ ಎಂದು ಕೆಳಗೆ ಹೋಗುವುದನ್ನು ನಿಲ್ಲಿಸಬಹುದು. ಮೇಲೆ ಬರುವುದನ್ನು ನಿಲ್ಲಿಸುವುದು ಹೇಗೆ? ಸಿಲಿಂಡರಿನ ಗಾಳಿ ಕಾಯುತ್ತದೆಯೇ? ನೆಗಡಿ ಮಾತ್ರೆಗಳಲ್ಲಿ ಹಲವು ನಿದ್ದೆ ಬರಿಸುವಂಥವು, ಅದು ಇನ್ನೊಂದು ತಲೆನೋವು.

ಆಗಾಗ ಮೂಗು ಕಟ್ಟುತ್ತದೆ ಎಂದಿರಲ್ಲ, ಅಲರ್ಜಿಯೇ ಇರಬಹುದು. ಹಾಗಿದ್ದರೆ ಈಗಲೇ, ಹೊರಡಲು ವಾರಗಳಿರುವಾಗಲೇ, ನಿಮ್ಮ ಊರಿನ ಡಾಕ್ಟರಿಗೆ ತೋರಿಸಿ. ದಿನವೂ ಬಳಸುವ ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟಾರು. ಅದು ಬೇರೆ, ದೋಣಿ ಹತ್ತುವ ಮುಂಚೆ ಸುರಿದುಕೊಳ್ಳುವ ಡ್ರಾಪ್ಸ್ ಬೇರೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿ. ಎರಡೂ ಕಿವಿಯಲ್ಲಿ ‘ಟಪ್’ ಎನ್ನಬೇಕು. ಹಾಗೆ ಆಗದಿದ್ದರೆ ಮೂಗು ಹಿಡಿದೇ ಎಂಜಲು ನುಂಗಿ ನೋಡಿ. ನೆಲದ ಮೇಲೆ ಬಿಡದ ಕಿವಿ ನೀರಿನಲ್ಲಿ ಬಿಡುವುದಿಲ್ಲ. ಇಳಿಯುವಾಗ ಕಾಲು ಕೆಳಗೆ, ತಲೆ ಮೇಲೆ ಇರಲಿ. ನೋವು ಶುರುವಾಗುವ ಮುಂಚೆಯೇ, ಎರಡೆರಡು ಅಡಿಗೊಮ್ಮೆ ಊದುತ್ತ ಹೋಗಿ. ಸಿಕ್ಕಿಕೊಂಡರೆ ಒಂದು ಮೀಟರ್ ಮೇಲೆ ಬಂದು ಮತ್ತೆ ನೋಡಿ. ಆಗಲೂ ಬಿಡದಿದ್ದರೆ ಇನ್‌ಸ್ಟ್ರಕ್ಟರಿಗೆ ಕಿವಿ ತೋರಿಸಿ ಕೈ ಅಲ್ಲಾಡಿಸಿ, ಮೇಲೆ ಬನ್ನಿ.

ಗೆಳೆಯರ ಗುಂಪಿನಲ್ಲಿ ಇದೇ ಕಷ್ಟ. ಐವರು ನೀಮೊ ರೀಫಿನಲ್ಲಿ ಇಳಿದು ವಿಡಿಯೊ ಮಾಡಿಸಿಕೊಳ್ಳುವಾಗ ಆರನೆಯವನು ‘ನಂಗೆ ಆಗಲ್ಲ ಕಣ್ರೋ’ ಅನ್ನುವುದಿಲ್ಲ, ಹಲ್ಲುಕಚ್ಚಿ ಇಳಿಯುತ್ತಾನೆ. ನಾಲ್ಕು ದಿನದ ಮೇಲೆ ನನ್ನೆದುರು ಕೂತು ‘ಕಿವೀಲಿ ನೀರು ನಿಂತಿದೆ ಡಾಕ್ಟ್ರೇ’ ಎನ್ನುತ್ತಾನೆ. ದೀಪ ಹಿಡಿದು ನೋಡಿದರೆ ನೀರು ಎಲ್ಲಿದೆ? ಮುತ್ತಿನ ಬಣ್ಣಕ್ಕೆ ಹೊಳೆಯಬೇಕಾದ ತಮಟೆ ಕೆಂಪಗಾಗಿದೆ, ಹಿಂದೆ ಕಪ್ಪುರಕ್ತ ಕಟ್ಟಿದೆ, ಮುಂದೆ ಬೆಳ್ಳುಳ್ಳಿ ಕಾಯಿಸಿದ ಕೊಬ್ಬರಿ ಎಣ್ಣೆ! ಎಣ್ಣೆ ಹಾಕಿದವರು ಯಾರೆಂದು ನಾನೀಗ ಕೇಳುವುದನ್ನೇ ಬಿಟ್ಟಿದ್ದೇನೆ. ತೊಂದರೆ ಇರುವುದು ತಮಟೆಯ ಹಿಂದೆ, ಎಣ್ಣೆ ಅಲ್ಲಿಗೆ ತಲುಪುವುದೇ ಇಲ್ಲ. ತಲುಪಿತೆಂದರೆ ತಮಟೆ ಹರಿದಿದೆ ಎಂದರ್ಥ, ಆಗಂತೂ ಹಾಕಲೇಬಾರದು. ಕಿವಿಗೆ ಮೇಣದಬತ್ತಿ ಸಿಕ್ಕಿಸಿ ‘ಒತ್ತಡ ತೆಗೆಯುವ’ ಪಂಡಿತರಿಗೂ, ಕಡ್ಡಿ ಹಿಡಿದು ಗುಗ್ಗೆ ತೆಗೆಯುವವರಿಗೂ ಇದೇ ಮಾತು.

ಡೈವನ್ನು ಪ್ರವಾಸದ ನಡುವೆ ಇಟ್ಟುಕೊಳ್ಳಿ, ನೆಗಡಿಯಾದರೆ ದಿನ ಬದಲಿಸುತ್ತೀರಾ ಎಂದು ಮೊದಲೇ ಕೇಳಿ. ಆರೋಗ್ಯದ ಫಾರ್ಮು ಕೈಗಿಟ್ಟು ‘ಎಲ್ಲಕ್ಕೂ ಇಲ್ಲ ಅಂತ ಟಿಕ್ ಹಾಕಿ ಸಾರ್’ ಅನ್ನುವ ಕಡೆ ಇಳಿಯಲೇಬೇಡಿ. ಮೇಲ್ಮೈಯಲ್ಲೇ ತೇಲುವ ಸ್ನಾರ್ಕೆಲಿಂಗಿಗೆ ಕಿವಿಯ ತಕರಾರಿಲ್ಲ. ಎಲಿಫೆಂಟ್ ಬೀಚಿನಲ್ಲಿ ಹಾಗೆ ತೇಲಿಕೊಂಡೇ ಹವಳ ನೋಡಬಹುದು.

ಪ್ರಶ್ನೆ: ಕೊನೆಯ ದಿನ ಬೆಳಗ್ಗೆ ಡೈವ್ ಮುಗಿಸಿ, ಫೆರ್ರಿಯಲ್ಲಿ ಪೋರ್ಟ್ ಬ್ಲೇರ್‌ಗೆ ಬಂದು ಅವತ್ತೇ ವಿಮಾನ ಹತ್ತಬಹುದೇ? (ಬೆಂಗಳೂರಿನ ಓದುಗರು)

ಇಲ್ಲ. ಆಳದಲ್ಲಿ ಮೈಗೆ ಸೇರಿದ ನೈಟ್ರೋಜನ್ ಹೊರಹೋಗಲು ಹೊತ್ತು ಬೇಕು. ವಿಮಾನದೊಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟೇ ಇರುತ್ತದೆ, ಅಲ್ಲಿ ಆ ನೈಟ್ರೋಜನ್ ಗುಳ್ಳೆಗಟ್ಟಬಹುದು. ಒಂದೇ ಸಾಧಾರಣ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ ಕನಿಷ್ಠ 18 ಗಂಟೆ ಬಿಡುವುದು ಒಪ್ಪಿತ ಲೆಕ್ಕ. ನಾನು 24 ಬಿಡುತ್ತೇನೆ, ನನಗೆ ಅವಸರವಿಲ್ಲ. ಈ ಎಚ್ಚರ 2,000 ಅಡಿ ದಾಟುವ ರಸ್ತೆಗೂ ಬೇಕು. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಎರಡೆರಡು ಡೈವ್ ಮಾಡಿ, ಅವತ್ತೇ ಕಾರು ಹತ್ತಿ 3,000 ಅಡಿ ಎತ್ತರದ ಬೆಂಗಳೂರಿಗೆ ಹೊರಡುವವರು ಇದನ್ನು ಯೋಚಿಸುವುದೇ ಇಲ್ಲ. ಒಂದು ರಾತ್ರಿ ಅಲ್ಲೇ ಮಲಗಿ, ಬೆಳಗ್ಗೆ ಹೊರಡಿ.

ಪ್ರಶ್ನೆ: ನೀರು ಹೋಗದ ಹಾಗೆ ಇಯರ್‌ಪ್ಲಗ್ ಹಾಕಿಕೊಳ್ಳಲೇ?

ಬೇಡ. ನೀರಿನ ಒತ್ತಡ ಅದನ್ನೇ ಒಳಕ್ಕೆ ತಳ್ಳುತ್ತದೆ.

ಪ್ರಶ್ನೆ: ಆಕ್ಸಿಜನ್ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ?

ಅದರಲ್ಲಿರುವುದು ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. ಶುದ್ಧ ಆಕ್ಸಿಜನ್ ಎಳೆಯುತ್ತ 6 ಮೀಟರಿಗಿಂತ ಕೆಳಗೆ ಹೋದರೆ ಫಿಟ್ಸ್ ಬರಬಹುದು. ಎಷ್ಟು ಉಳಿದಿದೆ ಎಂದು ಮೀಟರ್ ತೋರಿಸುತ್ತದೆ, ನೋಡುತ್ತಿರಿ.

ಪ್ರಶ್ನೆ: ಹೆಂಡತಿಗೆ ಮೂರು ತಿಂಗಳು. ಹೆಚ್ಚು ಆಳವಿಲ್ಲದ ಕಡೆ ಇಳಿಯಬಹುದೇ?

ಇಲ್ಲ.

ಪ್ರಶ್ನೆ: ಹಿಂದಿನ ರಾತ್ರಿ ಒಂದೆರಡು ಬಿಯರ್?

ಡೈವ್ ಮುಗಿಸಿ ಸಂಜೆ ಕುಡಿಯಿರಿ. ಬೆಳಗ್ಗೆ ದೋಣಿಯ ಕಟ್ಟೆಗೆ ಬಾಗಿ ಮೀನಿಗೆ ಉಪ್ಪಿಟ್ಟು ಹಾಕುವವರನ್ನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ: ಡೈವ್ ಮಾಡಿ ಬಂದ ಮೇಲೆ ಕಿವಿ ಮುಚ್ಚಿದ ಹಾಗಿದೆ. ಎಷ್ಟು ದಿನ ಕಾಯಲಿ?

ಬರೀ ಮುಚ್ಚಿದ ಹಾಗಿದ್ದರೆ ಎರಡು ಮೂರು ದಿನ ನೋಡಿ, ಅಲ್ಲಿಯವರೆಗೆ ನೀರಿಗಿಳಿಯಬೇಡಿ, ಕಿವಿಗೆ ಏನನ್ನೂ ಹಾಕಬೇಡಿ. ಗುಂಯ್‌ಗುಟ್ಟುವ ಸದ್ದು, ತಲೆಸುತ್ತು, ಕಿವಿ ಮಂದವಾಗುವುದು, ಇವುಗಳಲ್ಲಿ ಒಂದಿದ್ದರೂ ಅವತ್ತೇ ಡಾಕ್ಟರಿಗೆ ತೋರಿಸಿ. ಎಷ್ಟು ಆಳಕ್ಕೆ ಹೋಗಿದ್ದಿರಿ, ಎಷ್ಟು ಹೊತ್ತಿಗೆ ಮೇಲೆ ಬಂದಿರಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.